ಒಂದೂವರೆ ಟನ್

ಮೊನ್ನೆ ಊಟದ ಹೊತ್ತಿಗೆ ನಮ್ಮ ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ, "ಸಾರ್, ಹತ್ತು ಬೈ ಹತ್ತರ ರೂಮು. ಎಷ್ಟು ಟನ್ನಿನ ಏಸಿ ತಗೊಳ್ಳಲಿ?" ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ನಾನು ಈ ವಿಷಯದಲ್ಲಿ ಹನ್ನೊಂದು ವರ್ಷ ತಪ್ಪು ಮಾಡಿಕೊಂಡೇ ಕೂತವನು!

ನಮ್ಮ ಮನೆ ಕೋಠಿಯಲ್ಲಿ, ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಹಳೇ ಕಟ್ಟಡದ ಮೂರನೇ ಮಹಡಿ. ಮೇಲೆ ಬರೀ ತಾರಸಿ. ರಾಯಚೂರಿನಿಂದ ಬಂದ ಅವ್ವನ ಕೋಣೆ ಹತ್ತಡಿಗೆ ಹನ್ನೊಂದಡಿ, ಒಂದು ಗೋಡೆಗೆ ಪಡುವಣದ ಬಿಸಿಲು. ಏಪ್ರಿಲ್-ಮೇ ತಿಂಗಳ ಒಣ ಸೆಕೆಗೆ ಕಿಟಕಿಯ ಕೂಲರ್ ಸಾಕಾಗುತ್ತಿತ್ತು. ಜೂನಿನಲ್ಲಿ ಮಳೆ ಬಿದ್ದರೆ ಅದೇ ಕೂಲರ್ ಮೈಯೆಲ್ಲ ಜಿಗುಟು ಮಾಡುತ್ತಿತ್ತು.

2012ರಲ್ಲಿ ಏಸಿ ಕೊಳ್ಳಲು ಹೋದೆ. ಅಂಗಡಿಯವನು ಕೋಣೆಯ ಅಳತೆ ಕೇಳಿ, ಮೇಲಿನ ಮಹಡಿ ಎಂದು ತಿಳಿದ ತಕ್ಷಣ, "ದೇಢ್ ಟನ್ ಲೇಲೋ ಸಾಬ್" ಅಂದ. ಒಂದು ಟನ್ನಿಗಿಂತ ಕೆಲವೇ ಸಾವಿರ ಹೆಚ್ಚು. ದೊಡ್ಡದಿದ್ದರೆ ನಷ್ಟವೇನು ಎಂದುಕೊಂಡೆ. ಬಿ.ಕಾಂ. ಓದಿದವನ ಲೆಕ್ಕ ಅಷ್ಟೇ! ಅವ್ವ ಗಾಬರಿಯಾಗಿ, "ಒಂದೂವರಿ ಟನ್ ಅಂದ್ರ ಗ್ವಾಡಿ ತಡೀತದೇನೋ ತಮ್ಮಾ?" ಅಂದಳು. ನಕ್ಕೆವು.

ಟನ್ ಅಂದರೆ ಯಂತ್ರದ ತೂಕ ಅಲ್ಲ ಅನ್ನುವುದು ಗೊತ್ತಿತ್ತು, ಅದರಾಚೆ ಗೊತ್ತಿರಲಿಲ್ಲ. ಎರಡು ಸಾವಿರ ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ ಒಂದು ದಿನದಲ್ಲಿ ಕರಗಲು ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖವನ್ನು ದಿನಕ್ಕೆ ಹೊರಗೆ ಹಾಕುವ ಶಕ್ತಿಯೇ ಒಂದು ಟನ್. ಗಂಟೆಗೆ 12,000 ಬಿಟಿಯು. ನೂರು-ನೂರಿಪ್ಪತ್ತು ಚದರಡಿಗೆ ಒಂದು ಟನ್ ಎನ್ನುವುದು ರೂಢಿಯ ಲೆಕ್ಕ. ತಾರಸಿ, ಬಿಸಿಲಿನ ಗೋಡೆ, ಕೋಣೆಯಲ್ಲಿ ಮಲಗುವ ಜನ, ಇವೆಲ್ಲ ಅದರ ಮೇಲೆ ಸೇರುತ್ತವೆ.

ಮೇ ತಿಂಗಳ ಮಧ್ಯಾಹ್ನ ನಮ್ಮ ಏಸಿ ಚೆನ್ನಾಗಿಯೇ ಕೆಲಸ ಮಾಡಿತು. ತೊಂದರೆ ಶುರುವಾದದ್ದು ಮಳೆಗಾಲದ ರಾತ್ರಿಗಳಲ್ಲಿ. ಅದು ಇನ್ವರ್ಟರ್ ಏಸಿ ಅಲ್ಲ. ಓಡಿದರೆ ಪೂರ್ತಿ ಓಟ, ಇಲ್ಲವೇ ಬಂದ್. ಐದೇ ನಿಮಿಷದಲ್ಲಿ ಕೋಣೆ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತಿತ್ತು. ಗಾಳಿಯ ತೇವ ಹೋಗಬೇಕಾದರೆ ಒಳಗಿನ ತಣ್ಣನೆಯ ಕೊಳವೆಗಳ ಮೇಲೆ ಅದು ನೀರಾಗಿ ಇಳಿದು ಹರಿಯಬೇಕು, ಅದಕ್ಕೆ ಹೊತ್ತು ಬೇಕು. ಆ ಹೊತ್ತೇ ಸಿಗುತ್ತಿರಲಿಲ್ಲ. ಹಾಗಾಗಿ ಕೋಣೆ ತಣ್ಣಗೆ, ಆದರೆ ಒದ್ದೆ. ಹಾಸಿಗೆ ಕೂಡ ಹಸಿಹಸಿ.

ಅವ್ವ ನಡುರಾತ್ರಿ ಎದ್ದು ಬಂದ್ ಮಾಡುವಳು, ಸೆಕೆಯಾಗಿ ಮತ್ತೆ ಹಚ್ಚುವಳು. "ಮಂಡಿ ಹಿಡದಾವ, ಇದು ಥಂಡಿ ಅಲ್ಲೋ, ಹಸಿ ಅರಿವಿ ಹೊದ್ದಂಗ ಆಗ್ತದ" ಅನ್ನುವಳು. ನಾನು ಕೇಳಲಿಲ್ಲ. "ವಯಸ್ಸಾತು ಅವ್ವ, ನಿನಗ ಎಲ್ಲಾ ಥಂಡಿನೇ" ಅಂದೆ. ಒಂದು ಸಲವಲ್ಲ, ಬಹಳ ಸಲ ಅಂದಿದ್ದೇನೆ.

2023ರಲ್ಲಿ ಆ ಏಸಿ ಕೆಟ್ಟಿತು. ರಿಪೇರಿಗೆ ಬಂದ ಮುದುಕ ಕೋಣೆ ನೋಡಿ, ಇಷ್ಟಕ್ಕೆ ಇಷ್ಟು ದೊಡ್ಡದು ಯಾಕೆ, ಮೊದಲು ಮೇಲಿನ ತಾರಸಿ ನೋಡಿಕೊಳ್ಳಿ ಅಂದ. ಆ ವರ್ಷವೇ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ತಂಪು ಚಾವಣಿ ನೀತಿ ತಂದಿತ್ತು. ಪೇಪರಿನಲ್ಲಿ ಓದಿ ಮರೆತಿದ್ದೆ. ತಾರಸಿಗೆ ಬಿಳಿ ಬಳಿಸಿದೆ, ಪಡುವಣದ ಕಿಟಕಿಗೆ ಹೊರಗಿನಿಂದ ಬಿದಿರಿನ ಪರದೆ ಕಟ್ಟಿಸಿದೆ, ಟ್ರೂಪ್ ಬಜಾರಿನಿಂದ ದಪ್ಪ ವೈರು ತಂದು ಬೇರೆ ಲೈನ್ ಎಳೆಸಿದೆ. ಆಮೇಲೆ ಒಂದು ಟನ್ನಿನ ಇನ್ವರ್ಟರ್ ಏಸಿ ಹಾಕಿಸಿದೆ. ಅದು ಬೇಕಾದಷ್ಟಕ್ಕೆ ಓಟ ತಗ್ಗಿಸಿಕೊಂಡು ರಾತ್ರಿಯಿಡೀ ಸಣ್ಣಗೆ ನಡೆಯುತ್ತದೆ. ಇಪ್ಪತ್ತಾರಕ್ಕೆ ಇಟ್ಟು, ಮೇಲೆ ಫ್ಯಾನು ನಿಧಾನಕ್ಕೆ.

ಮೊದಲ ಮಳೆಯ ರಾತ್ರಿ ಅವ್ವ ಒಮ್ಮೆಯೂ ಏಳಲಿಲ್ಲ. ನಾನೇ ಎರಡು ಸಲ ಎದ್ದು ಹೋಗಿ ನೋಡಿದೆ.

ಆ ಕೋಣೆಯಲ್ಲಿ ಅವಳು ಎರಡು ಮಳೆಗಾಲ ಮಲಗಿದಳು. ಈಗ ಅಲ್ಲಿ ಮಗ ಓದಿಕೊಳ್ಳುತ್ತಾನೆ.

ಹುಡುಗನಿಗೆ ಇದೆಲ್ಲ ಹೇಳಲಿಲ್ಲ. "ಮೇಲೆ ತಾರಸಿ ಇದೆಯೇನಪ್ಪಾ? ಜೊತೆಗೆ ಯಾರಿದ್ದಾರೆ?" ಎಂದು ಕೇಳಿದೆ. ಊರಿಂದ ತಾಯಿ ಬರುತ್ತಿದ್ದಾರಂತೆ. ಭಾನುವಾರ ಟೇಪು ಹಿಡಿದು ಅವನ ರೂಮಿಗೆ ಹೋಗುತ್ತಿದ್ದೇನೆ.