ಬೆಕ್ಕಿಗೂ ಬಿಪಿ!

ಬೆಕ್ಕಿಗೆ ಬಿಪಿ ಅಂದ್ರೆ ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಎಲ್ರಿಗೂ ನಗು. "ಅದಕ್ಕೇನು ಎಂಟು ಗಂಟೆಯ ಲೋಕಲ್ ಹಿಡಿಯುವ ಟೆನ್ಶನ್ನಾ?" ಅಂತ ಪಕ್ಕದ ಮನೆಯ ಮರಾಠಿ ಆಜಿ ಕೇಳ್ತಾರೆ. ನಗುವ ಮಾತೇ ಸರಿ. ಆದ್ರೆ ನಮ್ಮ ಚಿನ್ನುವಿನ ಎರಡೂ ಕಣ್ಣು ಒಂದೇ ರಾತ್ರಿಯಲ್ಲಿ ಹೋದದ್ದು ಈ ಬಿಪಿಯಿಂದಲೇ ಮಾರಾಯ್ರೆ.

ಚಿನ್ನುವಿಗೆ 14 ವರ್ಷ. ಮಕ್ಕಳು ದೂರದಲ್ಲಿದ್ದಾರೆ, ಹಾಗಾಗಿ ಮನೆಯಲ್ಲಿ ನಮ್ಮಿಬ್ಬರ ಕನ್ನಡ ಕೇಳಿಸಿಕೊಳ್ಳುವವಳು ಇವಳೊಬ್ಬಳೇ :-) ಹಿಂದಿನ ದಿನ ಬಂಗುಡೆಯ ವಾಸನೆಗೆ ಓಡಿಬಂದವಳು ಬೆಳಿಗ್ಗೆ ಕುರ್ಚಿಯ ಕಾಲಿಗೆ ಹೋಗಿ ಡಿಕ್ಕಿ ಹೊಡೆದಳು. ಬಿಸಿಲಿಗೆ ಹಿಡಿದರೂ ಕಣ್ಣಿನ ಪಾಪೆ ಕಿರಿದಾಗಲಿಲ್ಲ, ಅಗಲವಾಗಿ ಕಪ್ಪಗೆ ಹಾಗೇ ಇತ್ತು.

ಡಾಕ್ಟ್ರು ಅವಳನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಿದ್ರು. ಹೆದರಿದ ಬೆಕ್ಕಿನ ಬಿಪಿ ತಾನಾಗೇ ಏರುತ್ತದಂತೆ. ಆಮೇಲೆ ಮುಂಗಾಲಿಗೆ ಪುಟಾಣಿ ಪಟ್ಟಿ ಸುತ್ತಿ, ಮೊದಲ ಅಳತೆ ಬಿಟ್ಟು, ಮುಂದಿನ ಐದಾರರ ಸರಾಸರಿ ತೆಗೆದ್ರು. 212! ಬೆಕ್ಕಿಗೆ 160 ದಾಟಿದ್ರೇ ಜಾಸ್ತಿ. 180 ದಾಟಿದ್ರೆ ಕಣ್ಣು, ಮೆದುಳು, ಕಿಡ್ನಿ, ಹೃದಯ ನಾಲ್ಕಕ್ಕೂ ಅಪಾಯ. ಚಿನ್ನುವಿನ ಕಣ್ಣಿನೊಳಗಿನ ಪರದೆ, ಅಂದ್ರೆ ರೆಟಿನಾ, ಕಳಚಿಬಿಟ್ಟಿತ್ತು.

ಮುದಿ ಬೆಕ್ಕುಗಳಲ್ಲಿ ಬಿಪಿಯ ಹಿಂದೆ ಸಾಮಾನ್ಯವಾಗಿ ಇನ್ನೊಂದು ಕಾಯಿಲೆ ಇರುತ್ತದೆ. ಹೆಚ್ಚಾಗಿ ಕಿಡ್ನಿಯದ್ದು, ಕೆಲವೊಮ್ಮೆ ಥೈರಾಯ್ಡ್. ರಕ್ತಪರೀಕ್ಷೆಯಲ್ಲಿ ಇವಳದ್ದು ಕಿಡ್ನಿ ಅಂತ ಗೊತ್ತಾಯ್ತು.

ಔಷಧಿ ಯಾವುದು ಗೊತ್ತಾ? ನಾನು ದಿನಾ ನುಂಗುವ ಅಮ್ಲೋಡಿಪಿನ್ನೇ! ನನಗೆ 5 ಮಿಲಿಗ್ರಾಂ, ಅವಳಿಗೆ 0.625. ನನ್ನ ಮಾತ್ರೆಯ ಎಂಟನೇ ಒಂದು ಪಾಲು. ಹಾಗಂತ ನಿಮ್ಮ ಡಬ್ಬಿಯಿಂದ ಮುರಿದು ಹಾಕೀರಿ ಮತ್ತೆ! ಬಿಪಿ ಅಳೆದು ಡಾಕ್ಟ್ರೇ ಹೇಳಬೇಕು.

ಮೂರು ವಾರದಲ್ಲಿ ಬಿಪಿ 148ಕ್ಕೆ ಇಳಿಯಿತು. ಎಡಗಣ್ಣಿನ ಪರದೆ ಸ್ವಲ್ಪ ಮಟ್ಟಿಗೆ ಕೂತಿದೆ, ಕೈ ಆಡಿಸಿದ್ರೆ ತಿರುಗಿ ನೋಡ್ತಾಳೆ. ಬಲಗಣ್ಣು ಮಾತ್ರ ಬರಲಿಲ್ಲ. ಮೀಸೆಯನ್ನೇ ನಂಬಿಕೊಂಡು ಮನೆಯೆಲ್ಲ ತಿರುಗಾಡ್ತಾಳೆ, ನಾವು ಕುರ್ಚಿಗಳ ಜಾಗ ಬದಲಿಸೋದಿಲ್ಲ.

7 ವರ್ಷ ದಾಟಿದ ಬೆಕ್ಕಿಗೆ ವರ್ಷಕ್ಕೊಮ್ಮೆಯಾದ್ರೂ ಬಿಪಿ ನೋಡಿಸಿ ಅಂತ ಬೆಕ್ಕು ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆ ಐಎಸ್ಎಫ್ಎಂ 2017ರಲ್ಲೇ ಸಲಹೆ ಕೊಟ್ಟಿದೆ. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಈ ತಿಂಗಳೇ ಕರ್ಕೊಂಡು ಹೋಗಿ. ತಲೆ ಸುತ್ತಿದ್ರೆ ನಾನು ಇವಳನ್ನು ಕೂಗಿ ಹೇಳ್ತೇನೆ. ಬೆಕ್ಕು ಹೇಳೋದಿಲ್ಲ, ನಾವೇ ಅಳೆಸಿ ನೋಡಬೇಕು.