ಮೊಮ್ಮಕ್ಕಳ ಕಾಲದ ಲೆಕ್ಕ

ತಿಂಗಳ ಮೊದಲ ವಾರದಲ್ಲಿ ಸಾಮಾನಿನ ಚೀಟಿ ಬರೆಯದ ಗೃಹಿಣಿ ಯಾರಿದ್ದಾರೆ ಹೇಳಿ? ನೋಡುವುದಕ್ಕೆ ಅದೊಂದು ಕಾಗದದ ಚೂರು. ಅದರ ಹಿಂದೆ ಮಾತ್ರ ಎಷ್ಟೊಂದು ‘ಆದರೆ–ಹೋದರೆ’ಗಳು! ನಾದಿನಿ ರಜಕ್ಕೆ ಮಕ್ಕಳನ್ನು ಕರೆದುಕೊಂಡು ಬಂದರೆ ಅಕ್ಕಿ ಐದು ಕೆ.ಜಿ. ಜಾಸ್ತಿ ಬೇಕು. ಎಣ್ಣೆಯ ಬೆಲೆ ಏರಿದರೆ ಕರಿದ ತಿಂಡಿಗೆ ಕತ್ತರಿ. ಮಾವನವರಿಗೆ ಡಾಕ್ಟರು ಅನ್ನ ಕಡಿಮೆ ಮಾಡಿ ಎಂದರೆ ರಾಗಿ ಹಿಟ್ಟು ಎರಡು ಪಾಲು. ಮನಸ್ಸಿನಲ್ಲೇ ನಾಲ್ಕು ಚೀಟಿ ಬರೆದು, ಅಳಿಸಿ, ಕೊನೆಗೆ ಒಂದನ್ನು ಕಾಗದಕ್ಕೆ ಇಳಿಸುತ್ತೇವೆ. ಭವಿಷ್ಯ ಹೇಳುವುದು ಬೇರೆ, ಹೀಗಾದರೆ ಹೀಗೆ ಎಂದು ಲೆಕ್ಕ ಹಾಕುವುದು ಬೇರೆ. ಮೊದಲನೆಯದು ಜ್ಯೋತಿಷಿಗಳ ಕೆಲಸ, ಎರಡನೆಯದು ನಮ್ಮದು.

ಈ ಎರಡನೆಯ ಬಗೆಯ ಲೆಕ್ಕವನ್ನು ಇಡೀ ಭೂಮಿಗೆ, ಅದೂ 2100ನೆಯ ಇಸವಿಯವರೆಗೆ ಹಾಕುವವರೂ ಇದ್ದಾರೆ ಎಂದು ನನಗೆ ಗೊತ್ತಾದದ್ದು ನನ್ನ ತಂಗಿಯ ಮಗಳಿಂದ. ಅವಳು ಬೆಂಗಳೂರಿನಲ್ಲಿ ಇಂಧನದ ಅರ್ಥಶಾಸ್ತ್ರ ಓದುತ್ತಿದ್ದಾಳೆ. ಹಬ್ಬಕ್ಕೆ ಬಂದವಳನ್ನು, “ಅದೇನು ಹಗಲೂ ರಾತ್ರಿ ಕಂಪ್ಯೂಟರಿನಲ್ಲಿ ಮಾಡ್ತೀಯೆ?” ಎಂದು ಕೇಳಿದೆ. ಕಲ್ಲಿದ್ದಲು, ಪೆಟ್ರೋಲು ಎಷ್ಟು ಬೇಗ ಬಿಟ್ಟರೆ ಭೂಮಿಯ ಬಿಸಿ ಎಷ್ಟಕ್ಕೆ ನಿಲ್ಲುತ್ತದೆ, ಅದಕ್ಕೆ ಖರ್ಚೆಷ್ಟು ಎಂಬ ‘ಸಿನೇರಿಯೊ’ಗಳಂತೆ.

“ಹಾಗಾದರೆ ಲೋಕದ ಸಾಮಾನಿನ ಚೀಟಿ ಅನ್ನು” ಎಂದೆ.

“ಚೀಟಿ ಒಂದಲ್ಲ ದೊಡ್ಡಮ್ಮ, ಸಾವಿರಾರು. ಬರೆಯೋರು ಒಬ್ಬರು, ಪರೀಕ್ಷೆ ಮಾಡೋರು ಇನ್ನೊಬ್ಬರು. ಇಬ್ಬರನ್ನೂ ಹೊಂದಿಸೋದೇ ದೊಡ್ಡ ಕೆಲಸ” ಎಂದಳು.

ಬರೆಯುವವರಿಗೂ ಪರೀಕ್ಷಿಸುವವರಿಗೂ ಇರುವ ಆ ನಂಟು ನನಗೆ ಬಹಳ ಹಿಡಿಸಿತು. ಬೀಗರ ನಂಟಿನ ಹಾಗೆಯೇ ಅದು. ತೀರಾ ಹತ್ತಿರವಾದರೂ ಕಷ್ಟ, ದೂರವಾದರೂ ಕಷ್ಟ.

ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಹುಟ್ಟಿದ್ದು 1988ರಲ್ಲಿ. ಈ ಸಮಿತಿ ತಾನೇ ಸಂಶೋಧನೆ ಮಾಡುವುದಿಲ್ಲ. ಲೋಕದ ವಿಜ್ಞಾನಿಗಳು ಬರೆದದ್ದನ್ನೆಲ್ಲ ಓದಿ, ತೂಗಿ, ಇಷ್ಟು ನಿಜ, ಇಷ್ಟು ಇನ್ನೂ ಅನುಮಾನ ಎಂದು ಸರ್ಕಾರಗಳಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಆದರೆ ಮೊದಮೊದಲು ಸಿನೇರಿಯೊಗಳನ್ನು ಮಾತ್ರ ಅದೇ ಬರೆಸುತ್ತಿತ್ತು. 1990ರಲ್ಲಿ ಒಂದು ಕಂತು, 1992ರಲ್ಲಿ ಇನ್ನೊಂದು, 2000ದಲ್ಲಿ ಆರು ಮಾಡೆಲ್ ತಂಡಗಳು ಸೇರಿ 40 ಸಿನೇರಿಯೊಗಳು.

ನಮ್ಮ ಮಹಿಳಾ ಸಮಾಜದ ಅಡಿಗೆ ಸ್ಪರ್ಧೆಯನ್ನೇ ನೆನೆಸಿಕೊಳ್ಳಿ. ಪಲ್ಯ ಮಾಡಿದಾಕೆಯೇ ತೀರ್ಪುಗಾರ್ತಿಯ ಕುರ್ಚಿಯಲ್ಲೂ ಕೂತರೆ ಆಡಿಕೊಳ್ಳದೆ ಬಿಡುತ್ತೇವೆಯೇ? ಆಕೆ ಎಷ್ಟೇ ನಿಷ್ಠೆಯಿಂದ ರುಚಿ ನೋಡಿದರೂ ಮಾತು ತಪ್ಪದು. 2006ರಲ್ಲಿ ಐಪಿಸಿಸಿ, ‘ಸಿನೇರಿಯೊ ಬರೆಯುವ ಕೆಲಸ ಇನ್ನು ನಮ್ಮದಲ್ಲ, ಸಂಶೋಧಕರೇ ಬರೆಯಲಿ, ನಾವು ಪ್ರೋತ್ಸಾಹ ಕೊಡುತ್ತೇವೆ, ಆಮೇಲೆ ತೂಗಿ ನೋಡುತ್ತೇವೆ’ ಎಂದು ತೀರ್ಮಾನಿಸಿತು. ಮರುವರ್ಷವೇ ಮಾಡೆಲ್ ಮಾಡುವವರು ತಮ್ಮದೊಂದು ಒಕ್ಕೂಟ ಕಟ್ಟಿಕೊಂಡರು. ಜಪಾನ್, ಅಮೆರಿಕ, ಆಸ್ಟ್ರಿಯಾಗಳ ಮೂರು ಸಂಸ್ಥೆಗಳು ಮುಂದೆ ನಿಂತವು. ಅಡಿಗೆಮನೆ ಒಂದು ಕಡೆ, ತೀರ್ಪಿನ ಮೇಜು ಇನ್ನೊಂದು ಕಡೆ ಆಯಿತು.

ಬೇರೆಯಾದ ಮೇಲೆ ಮಾತುಕತೆ ನಿಂತರೆ ಸಂಸಾರ ನಡೆಯುವುದಿಲ್ಲವಲ್ಲ. 2007ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸಿನ ನೂರ್ಡ್‌ವೈಕರ್‌ಹೌಟ್ ಎಂಬ ಊರಿನಲ್ಲಿ ಎಲ್ಲರೂ ಕೂತರು. ಅಲ್ಲಿಯವರೆಗೆ ಕೆಲಸ ಸರದಿಯ ಮೇಲೆ ನಡೆಯುತ್ತಿತ್ತು. ಸಿನೇರಿಯೊದವರು ಮುಗಿಸಿದ ಮೇಲೆ ಹವಾಮಾನದ ಲೆಕ್ಕದವರು, ಅವರು ಮುಗಿಸಿದ ಮೇಲೆ ಮಳೆ ಬೆಳೆ ರೋಗಗಳ ಲೆಕ್ಕದವರು. ತುಂಬಿದ ಮನೆಯಲ್ಲಿ ಒಂದೇ ಒರಳುಕಲ್ಲು ಇದ್ದ ಹಾಗೆ. ಕೊನೆಯ ಸೊಸೆಗೆ ಕಲ್ಲು ಸಿಗುವ ಹೊತ್ತಿಗೆ ಊಟದ ಹೊತ್ತೇ ಮೀರಿರುತ್ತದೆ! ಆದ್ದರಿಂದ ಮೊದಲು ನಾಲ್ಕು ದಾರಿಗಳನ್ನು ಗುರುತು ಮಾಡಿಟ್ಟುಕೊಂಡು, ಉಳಿದವರೆಲ್ಲ ಏಕಕಾಲಕ್ಕೆ ಕೆಲಸ ಶುರುಮಾಡುವುದೆಂದು ಒಪ್ಪಂದವಾಯಿತು. ಆ ದಾರಿಗಳಿಗೆ 2.6, 4.5, 6, 8.5 ಎಂದು ಹೆಸರು. ಕೈಗಾರಿಕೆಗಳು ಬರುವ ಮುಂಚಿನ ಕಾಲಕ್ಕೆ ಹೋಲಿಸಿದರೆ, 2100ರ ಹೊತ್ತಿಗೆ ಭೂಮಿಯ ಪ್ರತಿ ಚದರ ಮೀಟರಿಗೆ ಎಷ್ಟು ವ್ಯಾಟ್ ಶಾಖ ಹೆಚ್ಚಾಗಿ ಉಳಿಯುತ್ತದೆ ಎಂಬುದರ ಅಳತೆ ಅದು.

ಇದರಲ್ಲಿ ಎಲ್ಲಕ್ಕಿಂತ ತಗ್ಗಿನ ದಾರಿ 2.6 ಇರಬೇಕೋ 2.9 ಇರಬೇಕೋ ಎಂದು ಚರ್ಚೆ ಬಂತು. ಸಭೆಯ ಮುಂದಿದ್ದ 2.6ರ ದಾರಿ ನೆದರ್ಲೆಂಡ್ಸಿನ ಒಂದು ಮಾಡೆಲ್ಲಿನದು. ಒಬ್ಬರ ಒಲೆಯ ಮೇಲೆ ಹದವಾಗಿ ಬಂದ ಮೈಸೂರುಪಾಕು ಇನ್ನೊಬ್ಬರ ಒಲೆಯ ಮೇಲೂ ಹಾಗೆಯೇ ಬರಬೇಕಲ್ಲ? ಒಕ್ಕೂಟ ಒಂದು ತಂಡವನ್ನು ನೇಮಿಸಿ, ಆ ಲೆಕ್ಕ ಗಟ್ಟಿಯಾಗಿದೆಯೇ ಎಂದು ಪರೀಕ್ಷೆ ಮಾಡಿಸಿತು. ಗಟ್ಟಿಯಿದೆ ಎಂದಾದ ಮೇಲೆಯೇ 2.6 ಉಳಿಯಿತು. ಅನುಮಾನವನ್ನು ಮುಚ್ಚಿಡದೆ ಮುಂದೆ ತಂದಿಟ್ಟು ಬಗೆಹರಿಸಿಕೊಂಡರಲ್ಲ, ಆ ರೀತಿ ನನಗೆ ಮೆಚ್ಚುಗೆಯಾಯಿತು. ಆದರೆ ಆ ದಾರಿ ಅಷ್ಟು ತಗ್ಗಿಗೆ ಇಳಿಯುವುದು ಹೇಗೆ ಎಂದು ಕೇಳಿದಾಗ ಹುಡುಗಿ ಹೇಳಿದ್ದು ಕೇಳಿ ಸ್ವಲ್ಪ ಸುಮ್ಮನಾದೆ. ಅಪಾರ ಜಮೀನಿನಲ್ಲಿ ಉರುವಲಿಗೆಂದೇ ಬೆಳೆ ಬೆಳೆದು, ಸುಟ್ಟು, ವಿದ್ಯುತ್ ತೆಗೆದು, ಬಂದ ಇಂಗಾಲವನ್ನು ಹಿಡಿದು ನೆಲದಾಳದಲ್ಲಿ ಹೂಳಬೇಕಂತೆ. ಅಷ್ಟು ಜಮೀನು ಯಾರ ಊರಿನದು?

ಇನ್ನು ದಾರಿಗಳ ಜೊತೆಗೆ ಐದು ಕಥೆಗಳನ್ನೂ ಹೆಣೆದರು. ಜಗತ್ತು ಹಂಚಿಕೊಂಡು ಬಾಳಿದರೆ ಹೇಗೆ, ಜಗಳವಾಡಿಕೊಂಡು ಬಾಗಿಲು ಹಾಕಿಕೊಂಡರೆ ಹೇಗೆ, ಉಳ್ಳವರೇ ಎಲ್ಲವನ್ನೂ ಬಾಚಿಕೊಂಡರೆ ಹೇಗೆ, ಹೀಗೆ. ಈ ಕಥೆಗಳಲ್ಲಿ ನಮಗೆ ಹತ್ತಿರದ ಸಂಗತಿಯೊಂದಿದೆ. ಹೆಣ್ಣುಮಕ್ಕಳು ಎಷ್ಟು ಓದುತ್ತಾರೆ ಎಂಬುದು ಜನಸಂಖ್ಯೆಯ ಲೆಕ್ಕದೊಳಗೇ ಸೇರಿಕೊಂಡಿದೆ. ಶಿಕ್ಷಣ ಬೇಗ ಹರಡುವ ಮೊದಲನೆಯ ಕಥೆಯಲ್ಲಿ 2100ರ ಜನಸಂಖ್ಯೆ ಸುಮಾರು 700 ಕೋಟಿ. ಜಗಳಗಂಟ ಜಗತ್ತಿನ ಮೂರನೆಯ ಕಥೆಯಲ್ಲಿ 1200 ಕೋಟಿಗೂ ಮೇಲೆ. ಹತ್ತನೆಯ ಕ್ಲಾಸಿಗೇ ಸ್ಕೂಲು ಬಿಡಿಸಿಕೊಂಡು ಹಸೆಮಣೆ ಏರಿದ ನನ್ನ ಅಕ್ಕಂದಿರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಸಾವಿರಾರು ಚೀಟಿಗಳನ್ನು ಒಂದೆಡೆ ಸೇರಿಸುವ ಮನೆ ಇರುವುದು ವಿಯೆನ್ನಾದ ಬಳಿ ಲಕ್ಸೆನ್‌ಬುರ್ಗ್ ಎಂಬಲ್ಲಿ, ಹಳೆಯ ರಾಜಮನೆತನದ ಅರಮನೆಯೊಂದರಲ್ಲಿ. ಅಲ್ಲಿನ ಶಿಸ್ತು ನೋಡಿ. ಎಲ್ಲರೂ ಒಂದೇ ನಮೂನೆಯ ಫಾರಂ ತುಂಬಬೇಕು, ಒಂದೇ ಹೆಸರು, ಒಂದೇ ಅಳತೆ ಬಳಸಬೇಕು. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದದೆ ನಮ್ಮ ಅಜ್ಜಿಯರು ಪಡುತ್ತಿದ್ದ ಪಾಡು ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಆಮೇಲೆ ಜರಡಿ. ಕಳೆದುಹೋದ ವರ್ಷಗಳ ಹೊಗೆಯ ಲೆಕ್ಕವೇ ನಿಜಕ್ಕೆ ಹೊಂದದಿದ್ದರೆ ಅಂಥ ಚೀಟಿ ಪಕ್ಕಕ್ಕೆ. 2022ರಲ್ಲಿ ಬಂದ ಆರನೆಯ ವರದಿಯ ಮೂರನೆಯ ಭಾಗಕ್ಕೆ ಬಂದ ಸಿನೇರಿಯೊಗಳು 3131. ಜಾಗತಿಕ ಲೆಕ್ಕವಿದ್ದು, ಜರಡಿಯಲ್ಲಿ ಉಳಿದು, ಬಿಸಿ ಎಷ್ಟೇರುತ್ತದೆ ಎಂದು ಅಳೆಯಲು ಸಾಕಾಗುವಷ್ಟು ವಿವರ ಇದ್ದವು 1202. ಅದರಲ್ಲಿ ಬಿಸಿಯನ್ನು 1.5 ಡಿಗ್ರಿಗೆ, ಹೆಚ್ಚು ದಾಟದಂತೆ, ನಿಲ್ಲಿಸುವವು 97.

ಸಾವಿರ ಎಂದರೆ ಸಾವಿರ ಜನರ ಅಭಿಪ್ರಾಯ ಎಂದುಕೊಳ್ಳಬೇಡಿ. ಒಂದೇ ತಂಡ ಒಂದೇ ಮಾಡೆಲ್ಲಿನಿಂದ ಹತ್ತಾರು ಚೀಟಿ ಕಳಿಸಬಹುದು. ಒಂದೇ ಹಿಟ್ಟಿನಿಂದ ಇಡ್ಲಿ, ದೋಸೆ, ಪಡ್ಡು ಮಾಡಿ ಮೂರು ತಿಂಡಿ ಎಂದು ಎಣಿಸಿದ ಹಾಗೆ. ಬಹುಪಾಲು ತಂಡಗಳಿರುವುದೂ ಯೂರೋಪು, ಅಮೆರಿಕ, ಜಪಾನುಗಳಲ್ಲಿ. ಆ ಮೂರನೆಯ ಭಾಗದ ಇಬ್ಬರು ಸಹಾಧ್ಯಕ್ಷರಲ್ಲಿ ಒಬ್ಬರು ನಮ್ಮವರೇ, ಅಹಮದಾಬಾದಿನ ಪ್ರೊಫೆಸರ್ ಪ್ರಿಯದರ್ಶಿ ಶುಕ್ಲಾ. ತೀರ್ಪಿನ ಮೇಜಿನಲ್ಲಿ ನಮಗೊಂದು ಕುರ್ಚಿ ಇತ್ತು. ಒಲೆಗಳು ಮಾತ್ರ ಹೆಚ್ಚಾಗಿ ದೂರದ ಊರುಗಳಲ್ಲಿದ್ದವು.

ಇದರಿಂದ ಏನಾಯಿತು ಎಂದು ತೋರಿಸಿಕೊಟ್ಟವರಲ್ಲಿ ಬೆಂಗಳೂರಿನವರೂ ಇದ್ದಾರೆ. ಅಲ್ಲಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ತೇಜಲ್ ಕಾನಿಟ್ಕರ್ ಮತ್ತು ಸಂಗಡಿಗರು ಆ ವರದಿಯ 556 ಸಿನೇರಿಯೊಗಳನ್ನು ಬಿಡಿಸಿ ನೋಡಿದರು. ಬಿಸಿಯನ್ನು ಎರಡು ಡಿಗ್ರಿಯೊಳಗೆ ಹಿಡಿಯುವ ಲೆಕ್ಕಗಳವು. ದಕ್ಷಿಣ ಏಷ್ಯಾ, ಸಹಾರಾದ ಕೆಳಗಿನ ಆಫ್ರಿಕಾ ಮುಂತಾದ ಪ್ರದೇಶಗಳ ತಲಾ ಆದಾಯ 2050ರಲ್ಲೂ ಲೋಕದ ಸರಾಸರಿಗಿಂತ ಕೆಳಗೇ ಇರುತ್ತದೆ ಎಂದು ಆ ಚೀಟಿಗಳು ಹೇಳುತ್ತಿದ್ದವು. ಬಡಪಾಯಿ ಬಡವನಾಗಿಯೇ ಉಳಿದರೆ ಭೂಮಿ ತಣ್ಣಗಿರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಅಂಕಿಗಳು ಮಾತ್ರ ಹಾಗೆ ಕೂತಿವೆ.

ಮಾಡೆಲ್ಲಿನವರ ಮಾತನ್ನೂ ಕೇಳಬೇಕು. ಎಲ್ಲಿ ಕಡಿಮೆ ಖರ್ಚಿನಲ್ಲಿ ಹೊಗೆ ತಗ್ಗುತ್ತದೆ ಎಂದಷ್ಟೇ ನಮ್ಮ ಲೆಕ್ಕ ಹುಡುಕುತ್ತದೆ, ಖರ್ಚು ಯಾರು ಕೊಡಬೇಕು ಎಂಬುದು ಬೇರೆ ಪ್ರಶ್ನೆ ಎನ್ನುತ್ತಾರೆ. ಅದರಲ್ಲೂ ನಿಜವಿದೆ. ಹೆಚ್ಚಿನ ಸಿನೇರಿಯೊಗಳು ಜಗತ್ತಿನ ಸಮಾನತೆಯ ಬಗ್ಗೆ ಏನನ್ನೂ ಸ್ಪಷ್ಟವಾಗಿ ಇಟ್ಟುಕೊಂಡಿಲ್ಲ ಎಂದು ಐಪಿಸಿಸಿಯೇ ತನ್ನ ಸಾರಾಂಶದಲ್ಲಿ ಬರೆದಿದೆ. ಪ್ರಾಮಾಣಿಕ ಮಾತು. ಆದರೆ ಸಂಸಾರದಲ್ಲಿ ಇದನ್ನು ಒಪ್ಪುತ್ತೇವೆಯೇ? ‘ಯಾರಿಗೆ ಎಷ್ಟು ಬಡಿಸಬೇಕು ಎಂದು ನಾನು ಲೆಕ್ಕ ಇಟ್ಟುಕೊಂಡಿಲ್ಲ’ ಎನ್ನುವ ಮನೆಯಲ್ಲಿ ಕೊನೆಗೆ ಕಡಿಮೆ ಉಣ್ಣುವವರು ಯಾರೆಂದು ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ನನಗೆ ನಮ್ಮ ಬೀದಿಗೆ ಹೂ ತರುವಾಕೆ ಕಣ್ಣ ಮುಂದೆ ಬರುತ್ತಾಳೆ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಮಲ್ಲಿಗೆ ಬಾಡುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಎಷ್ಟು ನೀರು ಚಿಮುಕಿಸಿದರೂ ಉಳಿದ ಮೊಳಗಳು ನಷ್ಟವೇ. “ಅಮ್ಮಾವ್ರೇ, ನಿಮ್ಮ ಫ್ರಿಜ್ಜಿನಾಗೆ ಒಸಿ ಮಡಗ್ತೀರಾ?” ಎಂದು ಕೇಳುತ್ತಾಳೆ. ಅವಳಿಗೊಂದು ಫ್ರಿಜ್ ಬೇಕು. ಆ ಬೇಸಿಗೆ ಇನ್ನೂ ಏರದಿರುವುದೂ ಬೇಕು. ಲಕ್ಸೆನ್‌ಬುರ್ಗಿನ ಅರಮನೆಯ ಪಟ್ಟಿಯಲ್ಲಿ ‘ದಕ್ಷಿಣ ಏಷ್ಯಾ’ ಎಂಬ ಒಂದೇ ಸಾಲಿನೊಳಗೆ ಅವಳೂ ಇದ್ದಾಳೆ, ಅವಳ ಮಲ್ಲಿಗೆಯೂ ಇದೆ. ಎರಡೂ ಬೇಕು ಎನ್ನುವ ಅವಳ ಮಾತನ್ನು ಆ ಸಾಲಿಗೆ ಬರೆಯುವವರು ಬೇಕು.

2023ರ ಏಪ್ರಿಲಿನಲ್ಲಿ ಬ್ಯಾಂಕಾಕಿನಲ್ಲಿ ಐಪಿಸಿಸಿಯವರು ಸಿನೇರಿಯೊಗಳನ್ನು ಬಳಸಿದ ರೀತಿಯ ಬಗ್ಗೆಯೇ ಒಂದು ಸಭೆ ಕರೆದಿದ್ದರು. ಈಗ ಏಳನೆಯ ವರದಿಯ ಕೆಲಸ ನಡೆದಿದೆ. ಮಾಡೆಲ್ಲುಗಳು ಮತ್ತೆ ಓಡುತ್ತವೆ, ಮತ್ತೆ ಸಾವಿರಾರು ಚೀಟಿಗಳು ಬರುತ್ತವೆ. ಅಡಿಗೆಯವರೂ ತೀರ್ಪುಗಾರರೂ ಬೇರೆಯಾದದ್ದು ಒಳ್ಳೆಯದೇ ಆಯಿತು. ಅಳತೆಗಳು ಒಂದಾದದ್ದೂ ಒಳ್ಳೆಯದೇ. ಇನ್ನು ಆಗಬೇಕಾದದ್ದು, ಉಣ್ಣುವವರ ಊರುಗಳಲ್ಲೂ ಒಲೆ ಹಚ್ಚುವುದು. ‘ಜಮೀನು ಯಾರದು, ಫ್ರಿಜ್ ಯಾರಿಗೆ’ ಎಂದು ಮೊದಲೇ ಕೇಳಿಕೊಂಡು ಚೀಟಿ ಬರೆಯುವ ತಂಡಗಳು ನಮ್ಮಲ್ಲೂ, ಆಫ್ರಿಕಾದಲ್ಲೂ ಹೆಚ್ಚಬೇಕು. ಬಾರದ ಚೀಟಿಯನ್ನು ಎಷ್ಟು ಒಳ್ಳೆಯ ತೀರ್ಪುಗಾರರೂ ತೂಗಲಾರರು.

ತಂಗಿಯ ಮಗಳಿಗೆ ವರ ನೋಡುವ ಮಾತು ಮನೆಯಲ್ಲಿ ಎದ್ದಿದೆ. ಅವಳು ಇನ್ನು ಮೂರು ವರ್ಷ ಓದಬೇಕು ಎನ್ನುತ್ತಿದ್ದಾಳೆ. ಓದಲಿ ಬಿಡಿ ಎಂದು ತಂಗಿಗೆ ನಾನೇ ಫೋನು ಮಾಡಿ ಹೇಳಿದ್ದೇನೆ.