ಸೈಕಲ್ಲಿನ ಇಂಗ್ಲಿಷ್

ಇಂಗ್ಲಿಷ್ ಮೌಖಿಕ ಪರೀಕ್ಷೆಗೆ ಸೈಕಲ್ ಬಗ್ಗೆ ಪ್ರಶ್ನೆಗಳಿವೆ. ಪೆಡಲ್, ಚೈನ್, ಬ್ರೇಕ್, ಬೆಲ್ ಎಲ್ಲ ಇಂಗ್ಲಿಷ್ ಶಬ್ದಗಳೇ. ನಮ್ಮ ಆಯಿಗೂ ಗೊತ್ತು. ವಾಕ್ಯ ಮಾಡುವುದೇ ಕಷ್ಟ. 'ಡು ಯು ಹ್ಯಾವ್ ಎ ಬೈಸಿಕಲ್?' ಎಂದರೆ 'ಯೆಸ್, ಐ ಹ್ಯಾವ್ ಎ ರೆಡ್ ಬೈಸಿಕಲ್' ಎಂದು ತುಂಬಾ ಜನ ಬಾಯಿಪಾಠ ಮಾಡಿದ್ದಾರೆ. ನಮ್ಮ ಮನೆಯಲ್ಲಿರುವುದು ಅಕ್ಕನಿಗೆ ಎಂಟನೇ ಕ್ಲಾಸಿನಲ್ಲಿ ಸರಕಾರ ಕೊಟ್ಟ ಸೈಕಲ್. ಆ ಯೋಜನೆ 2006-07ರಲ್ಲಿ ಶುರುವಾಯಿತು. ಅದಕ್ಕೇ ನಾನು 'ಇಟ್ ಈಸ್ ಮೈ ಸಿಸ್ಟರ್ಸ್ ಬೈಸಿಕಲ್' ಎಂದು ಅಭ್ಯಾಸ ಮಾಡ್ತಿದ್ದೇನೆ.

ಸೋಂದಾದ ಮಳೆಗಾಲದಲ್ಲಿ ಕೆಸರು ಮಡ್‌ಗಾರ್ಡಿಗೆ ತುಂಬಿ ಚಕ್ರವೇ ತಿರುಗೋದಿಲ್ಲ. ಏರಿನಲ್ಲಿ ಇಳಿದು ನೂಕಬೇಕು. 'ಇನ್ ದಿ ರೇನ್ ಐ ಪುಶ್ ಇಟ್.' ಚಿಕ್ಕ ವಾಕ್ಯ, ಆದರೆ ನನ್ನದೇ. ಬಾಯಿಪಾಠ ಮರೆತುಹೋಗುತ್ತದೆ, ನೂಕಿದ್ದು ಮರೆಯೋದಿಲ್ಲ.

ಗೆಳೆಯರೇ, ಸೈಕಲ್ ಇಲ್ಲದಿದ್ದರೆ 'ನೋ, ಐ ವಾಕ್' ಎನ್ನಿ. ಅದೂ ಸರಿಯಾದ ಇಂಗ್ಲಿಷೇ. ನಾಚಿಕೆ ಬೇಡ.